ಮನವಿಗೆ ಸಹಿ ಹಾಕುವ ಮೊದಲು: ರಿಸರ್ಚ್ ಪಾರ್ಕ್ ಬಂದರೆ ನಮ್ಮ ಜಿಲ್ಲೆಗೆ ಏನು ಸಿಗುತ್ತದೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ, ಹುಳು ಸಾಕುತ್ತೇವೆ. ನನ್ನ ಮೈದುನ ಪಟ್ಟಣದಲ್ಲಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತಾನೆ. ನಾನು ನಮ್ಮ ರೈತ ಉತ್ಪಾದಕರ ಕಂಪನಿಯ ನಿರ್ದೇಶಕರಲ್ಲಿ ಒಬ್ಬಳು. ಹೋದ ತಿಂಗಳು ಕೆಲವರು ಒಂದು ಮನವಿ ತಂದರು. ನಮ್ಮ ಭಾಗಕ್ಕೆ ದೊಡ್ಡ ವಿಜ್ಞಾನ ಸಂಶೋಧನಾ ಪಾರ್ಕ್ ಬೇಕು, ಕ್ವಾಂಟಂ, ಚಿಪ್, ಬಾಹ್ಯಾಕಾಶ ಎಲ್ಲವೂ ಬರಬೇಕು, ಅದಕ್ಕೆ ಸರ್ಕಾರ 300 ಎಕರೆ ಗುರುತಿಸಬೇಕು ಅಂತ ಅದರಲ್ಲಿದೆ. ಬಹಳ ಜನ ಸಹಿ ಹಾಕಿದ್ದಾರೆ. ನಾನು ಇನ್ನೂ ಹಾಕಿಲ್ಲ. ಊರು ಬೆಳೆಯುವುದಕ್ಕೆ ಅಡ್ಡ ಬರುತ್ತಿದ್ದೀನಾ ಅನ್ನಿಸುತ್ತದೆ. ಇನ್ನೊಂದು ಕಡೆ, ನೀರಿಲ್ಲದ ಜಿಲ್ಲೆಗೆ ಇದೆಲ್ಲ ಯಾಕೆ, ಆ ದುಡ್ಡನ್ನು ಗೂಡಿನ ಬೆಲೆಗೆ, ಕೆರೆಗೆ ಹಾಕಬಾರದಾ ಅನ್ನಿಸುತ್ತದೆ. ನಮ್ಮ ಗೋಮಾಳ ಹೋಗುತ್ತದೆ ಅನ್ನುವ ಭಯವೂ ಇದೆ. ನಮ್ಮ ಮಕ್ಕಳಿಗೆ ಅಲ್ಲಿ ನಿಜವಾಗಿ ಕೆಲಸ ಸಿಗುತ್ತದಾ? ನನ್ನ ಮಗಳು ದ್ವಿತೀಯ ಪಿಯುಸಿ, ಫಿಸಿಕ್ಸ್ ಓದಬೇಕು ಅನ್ನುತ್ತಾಳೆ. ಮನೆಯಲ್ಲಿ ಎಲ್ಲರೂ ಇಂಜಿನಿಯರಿಂಗ್ ಅನ್ನುತ್ತಾರೆ. ದಯವಿಟ್ಟು ತಿಳಿಸಿ.

ಉತ್ತರ: ಸಹಿ ಹಾಕದೆ ಕಾದಿದ್ದು ಒಳ್ಳೆಯದಾಯಿತು. ಆದರೆ ಸಂಶೋಧನೆಯೇ ಬೇಡ ಅಂತ ತೀರ್ಮಾನಿಸಬೇಡಿ. ಆ ಮನವಿಯ ಉದ್ದೇಶದಲ್ಲಿ ತಪ್ಪಿಲ್ಲ. ಕೇಳಿರುವ ವಸ್ತು ಸರಿಯಿಲ್ಲ.

ನಾನು ಮೂವತ್ತು ವರ್ಷ ಲ್ಯಾಬಿಗೂ ಹಳ್ಳಿಗೂ ನಡುವೆ ಓಡಾಡಿದವನು. ಲ್ಯಾಬಿನಲ್ಲಿ ಸಿಕ್ಕಿದ್ದನ್ನು ಹುಳುಮನೆಗೆ ತಲುಪಿಸುವುದು, ಹುಳುಮನೆಯ ತೊಂದರೆಯನ್ನು ಲ್ಯಾಬಿಗೆ ಮುಟ್ಟಿಸುವುದು, ಇಷ್ಟೇ ನನ್ನ ಕೆಲಸ. ಆ ಓಡಾಟದಲ್ಲಿ ಕಂಡದ್ದರಿಂದಲೇ ಉತ್ತರ ಹೇಳುತ್ತೇನೆ.

ಮೊದಲು ಎಲ್ಲರ ಬಾಯಲ್ಲೂ ಇರುವ ಒಂದು ನಂಬಿಕೆ ನೋಡೋಣ. ದೊಡ್ಡ ವಿಜ್ಞಾನ ಸಂಸ್ಥೆ ಬಂದರೆ ಸುತ್ತಲಿನ ಊರು ತಾನಾಗಿ ಮೇಲೆ ಬರುತ್ತದೆ ಅನ್ನುವ ನಂಬಿಕೆ. ಇದು ನಿಜವಾಗಿದ್ದರೆ ನಿಮ್ಮ ಚಿಕ್ಕಬಳ್ಳಾಪುರವೂ ಸೇರಿದ್ದ ಹಳೆಯ ಅವಿಭಜಿತ ಕೋಲಾರ ಜಿಲ್ಲೆ ಇವತ್ತು ದೇಶದ ಮುಂದುವರಿದ ಜಿಲ್ಲೆಗಳಲ್ಲಿ ಒಂದಾಗಿರಬೇಕಿತ್ತು.

ಕೆಜಿಎಫ್ ನೆನಪು ಮಾಡಿಕೊಳ್ಳಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಇತ್ತು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಆ ಗಣಿಯ ಆಳದಲ್ಲಿ ಉಪಕರಣ ಇಟ್ಟರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣದ ಗುರುತು ಅವರಿಗೆ ಸಿಕ್ಕಿತು. ಜಗತ್ತಿನಲ್ಲಿ ಇದನ್ನು ಮೊದಲು ಕಂಡವರು ಎರಡೇ ತಂಡ. ಒಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ, ಇನ್ನೊಂದು ನಮ್ಮ ಕೆಜಿಎಫ್‌ನಲ್ಲಿ. 1980ರ ದಶಕದಲ್ಲಿ ಅಲ್ಲೇ ಪ್ರೋಟಾನ್ ಒಡೆಯುತ್ತದಾ ಎಂದು ನೋಡುವ ಪ್ರಯೋಗವೂ ನಡೆಯಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅವತ್ತು ರಾಷ್ಟ್ರೀಯ ವಿಜ್ಞಾನ ದಿನ. ಗಣಿಯ ಮನೆಗಳಿಂದ ಹೊರಟ ಮಕ್ಕಳು ಇವತ್ತಿಗೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ.

ನಿಮ್ಮ ಜಿಲ್ಲೆಗೇ ಬರೋಣ. ಗೌರಿಬಿದನೂರಿನ ಹತ್ತಿರ 1970ರ ದಶಕದಿಂದ ರೇಡಿಯೋ ದೂರದರ್ಶಕ ಇದೆ, ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯುವಂಥದ್ದು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ. ಪೂರ್ವ-ಪಶ್ಚಿಮದ ತೋಳು ಒಂದೇ 1.4 ಕಿಲೋಮೀಟರ್ ಉದ್ದ. ಸಾವಿರ ಆಂಟೆನಾಗಳು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು. ಅದೇ ಗೌರಿಬಿದನೂರು ಸೀಮೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಕೇಂದ್ರವೂ 1960ರ ದಶಕದಿಂದ ಇದೆ. ದೂರದ ದೇಶದಲ್ಲಿ ಯಾರಾದರೂ ನೆಲದಡಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಅದರ ನಡುಕವನ್ನು ಹಿಡಿಯುವುದು ಅದರ ಕೆಲಸ. ದೇಶದ ರಕ್ಷಣೆಗೆ ಇದಕ್ಕಿಂತ ಮುಖ್ಯವಾದ ವಿಜ್ಞಾನ ಎಷ್ಟಿದೆ ಹೇಳಿ! ಆದರೆ ಗೌರಿಬಿದನೂರಿನ ಸಂತೆಯಲ್ಲಿ ಟೊಮೆಟೊ ಮಾರುವವರಿಗೆ ಅದು ಅಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ.

ಇದು ಆ ವಿಜ್ಞಾನಿಗಳ ತಪ್ಪಲ್ಲ. ಅವರು ಯಾಕೆ ಇಲ್ಲಿಗೆ ಬಂದರು ಅಂತ ಕೇಳಿಕೊಂಡರೆ ವಿಷಯ ಅರ್ಥವಾಗುತ್ತದೆ. ಕೆಜಿಎಫ್‌ಗೆ ಬಂದದ್ದು ಆಳಕ್ಕಾಗಿ. ಮೇಲಿನ ಬಂಡೆ ಉಳಿದ ಕಣಗಳನ್ನೆಲ್ಲ ತಡೆಯುತ್ತಿತ್ತು. ಭೂಕಂಪನ ಕೇಂದ್ರ ಬಂದದ್ದು ಗಟ್ಟಿ ಬಂಡೆಗಾಗಿ. ದೂರದರ್ಶಕ ಬಂದದ್ದು ಮೌನಕ್ಕಾಗಿ. ಸುತ್ತ ಕಾರ್ಖಾನೆ, ವಾಹನ, ವಿದ್ಯುತ್ ಯಂತ್ರಗಳ ರೇಡಿಯೋ ಗದ್ದಲ ಕಡಿಮೆ ಇರಬೇಕು ಅವರಿಗೆ. ಅಂದರೆ ನಮ್ಮ ನೆಲದ ಗುಣ ನೋಡಿ ಬಂದ ವಿಜ್ಞಾನ ಅದು. ನಮ್ಮ ಕಸುಬು ನೋಡಿ ಬಂದದ್ದಲ್ಲ. ಅಂಥ ವಿಜ್ಞಾನ ಬೇಕು, ಇರಲಿ, ನನಗೆ ಅದರ ಬಗ್ಗೆ ತುಂಬಾ ಹೆಮ್ಮೆ ಇದೆ. ಆದರೆ ಅದರಿಂದ ಊರಿನ ಸಂಪಾದನೆ ಜಾಸ್ತಿ ಆಗಲಿ ಅಂತ ಕಾಯುವುದು ತಪ್ಪು ನಿರೀಕ್ಷೆ.

ಈಗ ಕಸುಬು ನೋಡಿ ಬಂದ ವಿಜ್ಞಾನಕ್ಕೆ ಬರೋಣ. ಅದು ನಿಮ್ಮ ತೋಟದಲ್ಲೇ ಇದೆ. ನಿಮ್ಮ ಎರಡು ಎಕರೆಯಲ್ಲಿ ಇರುವ ತಳಿ ಬಹುಶಃ ವಿ1 ಅಲ್ವಾ? ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಎರಡು ತಳಿ ಕೂಡಿಸಿ ತೆಗೆದದ್ದು, 1997ರಲ್ಲಿ ರೈತರಿಗೆ ಬಂತು. ನೀರು, ಗೊಬ್ಬರ ಸರಿಯಾಗಿ ಕೊಟ್ಟರೆ ಹೆಕ್ಟೇರಿಗೆ ವರ್ಷಕ್ಕೆ 60 ಟನ್ ಆಸುಪಾಸು ಸೊಪ್ಪು. ಅದಕ್ಕೆ ಮೊದಲು ನಿಮ್ಮ ಮಾವನವರ ಕಾಲದಲ್ಲಿದ್ದ ಎಂ5 ತಳಿಯಲ್ಲಿ ಅದರ ಅರ್ಧ ಬಂದರೆ ಹೆಚ್ಚು. ಅದೇ ಜಮೀನು, ಅದೇ ಬೋರು, ಎರಡರಷ್ಟು ಸೊಪ್ಪು.

ಹುಳುಮನೆಯ ಕಿಟಕಿಗೆ ನೈಲಾನ್ ಪರದೆ ಕಟ್ಟಿದ್ದೀರಲ್ಲ, ಅದರ ಹಿಂದೆಯೂ ಒಂದು ಕಥೆ ಇದೆ. ಊಜಿ ನೊಣ ನಮ್ಮ ರಾಜ್ಯದಲ್ಲಿ ಮೊದಲು ಇರಲಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಗೂಡಿನ ಜೊತೆ ಬಂತು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದು ಬೆಳೆಯುತ್ತದೆ, ಹಣ್ಣಾಗುವ ಹೊತ್ತಿಗೆ ಹುಳು ಸಾಯುತ್ತದೆ, ಇಲ್ಲವೇ ಗೂಡು ತೂತಾಗುತ್ತದೆ. ಆಗ ಎಷ್ಟೋ ಮನೆಗಳಲ್ಲಿ ಹುಳು ಸಾಕುವುದನ್ನೇ ಬಿಟ್ಟರು. ವಿಜ್ಞಾನಿಗಳು ಆ ನೊಣದ ಜೀವನ ಪೂರ್ತಿ ಓದಿದರು. ಯಾವ ದಿನ ಮೊಟ್ಟೆ ಇಡುತ್ತದೆ, ಕೋಶ ಎಲ್ಲಿ ಅಡಗುತ್ತದೆ ಎಲ್ಲವನ್ನೂ ಕಂಡುಕೊಂಡರು. ಊಜಿಯ ಕೋಶದೊಳಗೇ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಒಂದು ಪುಟ್ಟ ಕಣಜವನ್ನು ಸಾಕಿ ರೈತರಿಗೆ ಕೊಟ್ಟರು. ಪರದೆ, ಬಲೆ, ಕಣಜ ಮೂರೂ ಸೇರಿ ನಷ್ಟ ಹತೋಟಿಗೆ ಬಂತು.

ಬೈವೋಲ್ಟೈನ್, ಅಂದರೆ ದ್ವಿತಳಿ ಹುಳುವಿನ ಕಥೆಯೂ ಹೀಗೇ. ಬಿಳಿ ಗೂಡಿನ ದ್ವಿತಳಿ ಹುಳು ತಣ್ಣಗಿನ ದೇಶದ್ದು, ನಮ್ಮ ಬಿಸಿಲಿಗೆ ಆಗಿಬರುವುದಿಲ್ಲ ಅಂತ ತಿಳಿದವರೇ ಹೇಳುತ್ತಿದ್ದರು. 1991ರಿಂದ 2007ರವರೆಗೆ ಜಪಾನ್ ಸರ್ಕಾರದ ನೆರವಿನಲ್ಲಿ ಮೂರು ಹಂತದ ಕೆಲಸ ನಡೆಯಿತು. ಹದಿನಾರು ವರ್ಷ! ಹೊಸ ತಳಿ ಬಂತು, ಮರಿಹುಳುಗಳನ್ನು ಮೊದಲ ಹಂತದಲ್ಲಿ ಸಾಕಿಕೊಡುವ ಚಾಕಿ ಕೇಂದ್ರ ಬಂತು, ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂತು. ಮಿಶ್ರತಳಿಯಲ್ಲಿ ಒಂದು ಕೆಜಿ ನೂಲಿಗೆ ಎಂಟು ಕೆಜಿ ಮೇಲೆ ಗೂಡು ಬೇಕಾಗುತ್ತಿದ್ದರೆ, ದ್ವಿತಳಿಯಲ್ಲಿ ಆರರಿಂದ ಏಳು ಕೆಜಿ ಸಾಕು. ನಿಮ್ಮ ಮೈದುನನನ್ನು ಕೇಳಿ, ಆ ಒಂದೂವರೆ ಕೆಜಿಯ ಬೆಲೆ ಏನು ಅಂತ ಅವನಿಗೆ ಬಾಯಿಪಾಠ ಇರುತ್ತದೆ.

ರಾಗಿಯನ್ನೂ ಮರೆಯಬಾರದು. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ತಳಿ ವಿಜ್ಞಾನಿ ಲಕ್ಷ್ಮಣಯ್ಯ. ಮಂಡ್ಯದ ವಿ.ಸಿ. ಫಾರ್ಮಿನ ಹೊಲದಲ್ಲಿ ಒಂದೊಂದು ತೆನೆ ನೋಡುತ್ತಾ ಮಾಡಿದ ಕೆಲಸ. ಕೋಲಾರ, ತುಮಕೂರಿನ ಮಳೆಯಾಶ್ರಿತ ಹೊಲಗಳಿಗೂ ಆ ಬೀಜ ಬಂತು. ನಮ್ಮ ಮನೆಯಲ್ಲಿ ವರ್ಷ ಪೂರ್ತಿ ಮುದ್ದೆಗೆ ರಾಗಿ ಸಾಲಲು ಶುರುವಾದದ್ದು ಆ ಬೀಜ ಬಂದ ಮೇಲೆ.

ಇವೆಲ್ಲ ಒಂದು ಕಟ್ಟಡ ಕೂಡ ಚಿಕ್ಕಬಳ್ಳಾಪುರದಲ್ಲಿ ಕಟ್ಟದೆ ಆದ ಕೆಲಸ ಅನ್ನುವುದನ್ನು ಗಮನಿಸಿ. ಲ್ಯಾಬ್ ಮೈಸೂರಿನಲ್ಲಿತ್ತು, ಮಂಡ್ಯದಲ್ಲಿತ್ತು. ಲಾಭ ನಿಮ್ಮ ಹೊಲದಲ್ಲಾಯಿತು. ಯಾಕೆಂದರೆ ಅದನ್ನು ಹಿಡಿದುಕೊಳ್ಳುವ ಕೈ ಇಲ್ಲಿ ಇದ್ದವು. ಸಾವಿರಾರು ಹುಳು ಸಾಕುವವರು, ನೂಲು ಬಿಚ್ಚುವವರು, ಗೂಡಿನ ಮಾರುಕಟ್ಟೆ. ಸಂಶೋಧನೆ ಊರಿಗೆ ಹಣ ತರುವುದು ಅದನ್ನು ಹಿಡಿದುಕೊಳ್ಳುವ ಕೈ ಇದ್ದ ಕಡೆ. ಕಟ್ಟಡ ಎಲ್ಲಿದೆ ಅನ್ನುವುದು ಆಮೇಲಿನ ಮಾತು.

ಕಟ್ಟಡವೂ ಇಲ್ಲೇ, ಕೈಯೂ ಇಲ್ಲೇ ಇದ್ದರೆ? ಆಗ ತುಂಬಾ ದೊಡ್ಡದಾಗುತ್ತದೆ. ಅದಕ್ಕೆ ಉದಾಹರಣೆ ನಿಮ್ಮ ಜಿಲ್ಲೆಯ ಮುದ್ದೇನಹಳ್ಳಿಯವರೇ ಆದ ವಿಶ್ವೇಶ್ವರಯ್ಯನವರ ಕಾಲದ್ದು. ಅವರು ಮೈಸೂರಿನ ದಿವಾನರಾಗಿದ್ದಾಗ ಮೊದಲ ಮಹಾಯುದ್ಧ ಶುರುವಾಯಿತು. ನಮ್ಮ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಕೊರಡು ಸುಮ್ನೆ ರಾಶಿ ಬಿತ್ತು. ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳು ಗಂಧದೆಣ್ಣೆ ಇಲ್ಲೇ ತೆಗೆಯುವ ವಿಧಾನ ಮಾಡಿಕೊಟ್ಟರು. 1916ರಲ್ಲಿ ಸರ್ಕಾರ ಕಾರ್ಖಾನೆ ಹಾಕಿತು. ಗರಳಪುರಿ ಶಾಸ್ತ್ರಿಗಳನ್ನು ಸಾಬೂನು ಮಾಡುವ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿತು. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹಾಗೆ. ಮರ ಇಲ್ಲಿಯದು, ಲ್ಯಾಬ್ ಇಲ್ಲಿಯದು, ಕಾರ್ಖಾನೆ ಇಲ್ಲಿಯದು, ಕಲಿತು ಬಂದವರೂ ಇಲ್ಲಿಯವರೇ.

ನಿಮ್ಮ ಮನವಿಯಲ್ಲಿ ‘ಆಯಕಟ್ಟಿನ ತಂತ್ರಜ್ಞಾನ’ ಎಂಬ ಮಾತು ಇರಬಹುದು. ಅದರ ಅರ್ಥ ನನಗೆ ತಿಳಿದಂತೆ ಇಷ್ಟೇ. ಹೊರಗಿನವರು ಕೊಡುವುದನ್ನು ನಿಲ್ಲಿಸಿದರೂ ನಾವು ನಿಲ್ಲಬಾರದು, ಅಂಥ ವಿದ್ಯೆ. ಬರೀ ರಾಕೆಟ್, ಕ್ಷಿಪಣಿ ಅಲ್ಲ. ಗಂಧದೆಣ್ಣೆ ಅವತ್ತು ಹಾಗಿತ್ತು. ಇವತ್ತು ನೂಲು ಬಿಚ್ಚುವ ಆಟೋಮ್ಯಾಟಿಕ್ ಯಂತ್ರ ಹಾಗಿದೆ. ಅವು ಮೊದಲು ಚೀನಾದಿಂದಲೇ ಬಂದವು, ರೇಷ್ಮೆಯಲ್ಲಿ ನಮಗೆ ಪೈಪೋಟಿ ಇರುವುದೂ ಚೀನಾ ಜೊತೆಗೇ.

ವಿಮಾನದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಕಾಲದ ಅಂದಾಜು ಸಿಗಲಿ ಅಂತ. ಮೈಸೂರು ಸಂಸ್ಥಾನ ವಿಜ್ಞಾನ ಸಂಸ್ಥೆಗೆ 371 ಎಕರೆ ಕೊಟ್ಟಿತು, 1909ರಲ್ಲಿ ಸಂಸ್ಥೆ ಶುರುವಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ವಿಮಾನ ಕಾರ್ಖಾನೆಗೆ ಸಂಸ್ಥಾನವೂ ಬಂಡವಾಳ ಹಾಕಿತು, ಅದೇ ಎಚ್‌ಎಎಲ್. ಕಾರ್ಖಾನೆ ಬಂದ ಮೇಲೆ ವಿಮಾನ ಬಲ್ಲವರು ಬೇಕಾಯಿತು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಆ ವಿಭಾಗ ತೆರೆಯಿತು. ಆ ಬೇರು ಹರಡಿ ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಹೆಲಿಕಾಪ್ಟರ್ ಕಾರ್ಖಾನೆಯಾಗಿ ಬಂದದ್ದು 2023ರಲ್ಲಿ. ಅದಕ್ಕೂ ಅಡಿಗಲ್ಲಿನಿಂದ ಉದ್ಘಾಟನೆಗೆ ಏಳು ವರ್ಷ ಹಿಡಿಯಿತು. ಐದು ವರ್ಷದಲ್ಲಿ ಊರು ಬದಲಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಮ್ಮ ಇನ್ನೊಂದು ಸಂಶಯ. ಈ ದುಡ್ಡನ್ನು ಗೂಡಿನ ಬೆಲೆಗೆ, ನೀರಿಗೆ ಹಾಕಬಾರದಾ?

ಬೆಲೆ ಬಿದ್ದ ವರ್ಷ ಬೆಂಬಲ ಕೊಡಲೇಬೇಕು. ಆದರೆ ಅದು ಆ ವರ್ಷಕ್ಕೆ ಮುಗಿಯಿತು. ಒಂದು ತಳಿ, ಒಂದು ಔಷಧ ಮುಂದಿನ ಮೂವತ್ತು ವರ್ಷ ಪ್ರತಿ ಬೆಳೆಗೂ ಕೊಡುತ್ತದೆ. ನಮ್ಮ ದೇಶ ಸಂಶೋಧನೆಗೆ ಜಾಸ್ತಿ ಖರ್ಚು ಮಾಡುತ್ತಿದೆ ಅನ್ನುವುದೂ ತಪ್ಪು. ಒಟ್ಟು ಉತ್ಪನ್ನದ 100 ರೂಪಾಯಿಯಲ್ಲಿ ನಾವು ಸಂಶೋಧನೆಗೆ ಹಾಕುವುದು ಸುಮಾರು 64 ಪೈಸೆ. ಚೀನಾ ಎರಡೂವರೆ ರೂಪಾಯಿ ಹತ್ತಿರ, ದಕ್ಷಿಣ ಕೊರಿಯಾ ಐದು ರೂಪಾಯಿ ಹತ್ತಿರ. ಅಲ್ಲಿ ಬಹುಪಾಲು ಕಂಪನಿಗಳೇ ಹಾಕುತ್ತವೆ. ನಮ್ಮಲ್ಲಿ ಕಂಪನಿಗಳ ಪಾಲು ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಗಾಗಿ ಇದು ದುಂದು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಅದೇ ನಿಮ್ಮ ಜಿಲ್ಲೆಯ ಮೊದಲ ಸಂಶೋಧನಾ ವಿಷಯ ಆಗಬೇಕು. ಸಾವಿರ ಅಡಿ ದಾಟಿದ ಬೋರು, ನೀರಿನಲ್ಲಿ ಫ್ಲೋರೈಡ್, ಜೊತೆಗೆ ಈಗ ಹೆಬ್ಬಾಳ-ನಾಗವಾರ ಕಣಿವೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ. ಕೋಲಾರಕ್ಕೆ ಬೆಂಗಳೂರಿನ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು 2018ರಿಂದ ಬರುತ್ತಿದೆ. ಕೆರೆ ತುಂಬಿತು, ಬೋರಿನಲ್ಲಿ ನೀರು ಏರಿತು ಅಂತ ಸಂತೋಷಪಡುವವರು ಇದ್ದಾರೆ. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅಂತ ಹೋರಾಡುವವರೂ ಇದ್ದಾರೆ. ಈ ಎರಡೂ ಮಾತನ್ನು ಊಹೆಯ ಮೇಲೆ ಬಿಡಬಾರದು. ಆ ನೀರು ಹಾಯಿಸಿದ ಸೊಪ್ಪಿನಲ್ಲಿ ಏನಿದೆ, ಅದನ್ನು ತಿಂದ ಹುಳು ಹೇಗಿದೆ, ನೆಲದೊಳಗಿನ ನೀರಿಗೆ ಏನಾಗುತ್ತಿದೆ ಅಂತ ಇಲ್ಲೇ ಇರುವ ಒಂದು ಲ್ಯಾಬ್ ಹತ್ತು ವರ್ಷ ಬಿಡದೆ ಅಳೆದು, ಲೆಕ್ಕವನ್ನು ಪಂಚಾಯಿತಿ ಗೋಡೆಯ ಮೇಲೆ ಹಾಕಬೇಕು. ಒಣನಾಡಿನ ಎಷ್ಟೋ ಪಟ್ಟಣಗಳು ಮುಂದೆ ಇದೇ ದಾರಿ ಹಿಡಿಯಬೇಕಾಗುತ್ತದೆ. ಆ ವಿದ್ಯೆ ಮೊದಲು ಕಲಿತವರು ಅದನ್ನು ಬೇರೆಯವರಿಗೆ ಹೇಳಿಕೊಟ್ಟು ಬದುಕಬಹುದು.

ಕ್ವಾಂಟಂ, ಚಿಪ್ ಬಗ್ಗೆ ನೇರವಾಗಿ ಹೇಳುತ್ತೇನೆ. ದೊಡ್ಡ ಚಿಪ್ ಕಾರ್ಖಾನೆಗೆ ದಿನಕ್ಕೆ ಕೋಟಿ ಲೀಟರ್ ಲೆಕ್ಕದಲ್ಲಿ ನೀರು ಬೇಕು. ನಮ್ಮಲ್ಲಿ ಆಗದ ಮಾತು. ಕೇಂದ್ರ ಸರ್ಕಾರ 2023ರಲ್ಲಿ 6,003 ಕೋಟಿ ರೂಪಾಯಿಯ ಕ್ವಾಂಟಂ ಮಿಷನ್ ತಂದಾಗ ಅದರ ನಾಲ್ಕು ಕೇಂದ್ರಗಳು ಹೋದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮತ್ತು ಮೂರು ಐಐಟಿಗಳಿಗೆ. ಅಲ್ಲಿ ಬಲ್ಲವರು ಆಗಲೇ ಇದ್ದರು. 300 ಎಕರೆ ತೋರಿಸಿದರೆ ಅದು ಇಲ್ಲಿಗೆ ಬರುವುದಿಲ್ಲ.

ಹಾಗಾದರೆ 300 ಎಕರೆ ಕೇಳಿದರೆ ಏನಾಗಬಹುದು? ಮೊದಲು ಸುತ್ತಲಿನ ಜಮೀನಿನ ಬೆಲೆ ಏರುತ್ತದೆ. ಸುದ್ದಿ ಮೊದಲು ತಿಳಿದವರು ಕೊಂಡಿರುತ್ತಾರೆ. ಸರ್ಕಾರ ಖಾಸಗಿ ಜಮೀನಿಗೆ ಕೈ ಹಾಕುವ ಮೊದಲು ಗೋಮಾಳ ನೋಡುತ್ತದೆ. ನಿಮ್ಮ ಭಯ ಸುಳ್ಳಲ್ಲ. ಚಿತ್ರದುರ್ಗದ ಚಳ್ಳಕೆರೆ ಹತ್ತಿರ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ವಿಜ್ಞಾನ ಸಂಸ್ಥೆ, ಅಣು ಸಂಶೋಧನಾ ಕೇಂದ್ರಗಳಿಗೆ ಹೋಯಿತು. ಅಲ್ಲಿ ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗಳವರು ಹಸಿರು ನ್ಯಾಯಮಂಡಳಿವರೆಗೆ ಹೋಗಬೇಕಾಯಿತು. ದೇಶಕ್ಕೆ ಆ ಕೇಂದ್ರಗಳು ಬೇಕಿದ್ದವು, ಆದರೆ ಕುರಿಗಾರರಿಗೆ ಮೊದಲೇ ಕೂರಿಸಿ ಹೇಳಬೇಕಿತ್ತು. ತುಮಕೂರಿನಲ್ಲಿ ಬೇರೆ ರೀತಿ ಆಯಿತು. ಮುಚ್ಚಿದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜಾಗವನ್ನೇ ಇಸ್ರೋ ತೆಗೆದುಕೊಂಡಿತು. ಹೊಸ ಹುಲ್ಲುಗಾವಲು ಮುಟ್ಟಬೇಕಾಗಲಿಲ್ಲ. ನನಗೆ ಆ ದಾರಿಯೇ ಹಿಡಿಸುತ್ತದೆ.

ಕೆಲಸದ ಪ್ರಶ್ನೆಗೂ ಮುಚ್ಚುಮರೆ ಇಲ್ಲದೆ ಉತ್ತರಿಸುತ್ತೇನೆ. ಸಂಶೋಧನಾ ಸಂಸ್ಥೆಯ ಒಳಗೆ ಕೆಲಸ ಕಡಿಮೆ. ವಿಜ್ಞಾನಿಗಳ ನೇಮಕ ದೇಶದ ಮಟ್ಟದಲ್ಲಿ ಆಗುತ್ತದೆ. ಊರಿನವರಿಗೆ ಸಾಮಾನ್ಯವಾಗಿ ಸಿಗುವುದು ಗುತ್ತಿಗೆಯ ಕಾವಲು, ಕ್ಯಾಂಟೀನ್, ತೋಟದ ಕೆಲಸ. ಕೆಲಸ ಹುಟ್ಟುವುದು ಹೊರಗೆ, ಆ ವಿದ್ಯೆ ಬಳಸುವ ಕಡೆ. ಚಾಕಿ ಕೇಂದ್ರ ನಡೆಸುವವರು, ಯಂತ್ರ ರಿಪೇರಿ ಮಾಡುವವರು, ಪರೀಕ್ಷೆ ಮಾಡಿಕೊಡುವವರು. ವಿ1 ಕಡ್ಡಿ, ಸಸಿ ಮಾರಿಯೇ ಮನೆ ಕಟ್ಟಿಸಿದವರನ್ನು ನಾನು ನೋಡಿದ್ದೇನೆ.

ಇನ್ನು ನೀವು ಏನು ಕೇಳಬಹುದು? ಮನವಿಯನ್ನು ಹೀಗೆ ತಿದ್ದಿ ಅಂತ ನನ್ನ ಸಲಹೆ. ಇದರಲ್ಲೂ ಅಪಾಯ ಇದೆ, ಅದನ್ನೂ ಹೇಳುತ್ತೇನೆ.

ನಿಮ್ಮ ಗೂಡು ಮಾರುಕಟ್ಟೆಯಲ್ಲಿ ಇವತ್ತಿಗೂ ಹೆಚ್ಚಾಗಿ ಕಣ್ಣಳತೆ, ಕೈಯಳತೆಯ ಮೇಲೆ ಹರಾಜಾಗುತ್ತದೆ. ರೀಲರ್, ಅಂದರೆ ನೂಲು ಬಿಚ್ಚುವವರು, ಒಂದು ಹಿಡಿ ತೆಗೆದು ಅಲ್ಲಾಡಿಸಿ, ಒತ್ತಿ ನೋಡಿ ಕೂಗುತ್ತಾರೆ. ಅವರ ಕೈ ಬಹಳ ಸಲ ಸರಿ ಹೇಳುತ್ತದೆ. ಆದರೂ ಒಳ್ಳೆಯ ಗೂಡು ಬೆಳೆದವರಿಗೆ ತಮ್ಮ ಗೂಡಿನಲ್ಲಿ ಎಷ್ಟು ನೂಲಿದೆ ಅಂತ ಕಾಗದದ ಮೇಲೆ ತೋರಿಸುವ ದಾರಿ ಸಿಗಬೇಕು. ಬೇಗ ಮುಗಿಯುವ ಪರೀಕ್ಷೆಯೇ ಇಲ್ಲಿ ಬೇಕಾದ ಸಂಶೋಧನೆ. ಗೂಡು ಕಾಯುವುದಿಲ್ಲ ಅಲ್ವಾ? ತಡವಾದಷ್ಟೂ ತೂಕ ಇಳಿಯುತ್ತದೆ, ಆಮೇಲೆ ಚಿಟ್ಟೆ ಹೊರಬರುತ್ತದೆ. ಎರಡು ದಿನ ಹಿಡಿಯುವ ಪರೀಕ್ಷೆ ಯಾರಿಗೂ ಬೇಡ. ಬೆಳಕು ಹಾಯಿಸಿ, ಕ್ಯಾಮೆರಾದಲ್ಲಿ ನೋಡಿ ಅಂದಾಜು ಹೇಳುವ ಉಪಕರಣ ಮಾಡುವುದು ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಕೈ ಹಾಕಬಹುದಾದ ಕೆಲಸ. ಅಪಾಯ ಏನೆಂದರೆ, ರೀಲರ್‌ಗಳನ್ನು ಮೊದಲ ದಿನದಿಂದ ಜೊತೆಗೆ ಕೂರಿಸದಿದ್ದರೆ ಅವರು ಆ ಅಂಕೆಯನ್ನು ನಂಬುವುದಿಲ್ಲ. ಆಗ ಯಂತ್ರ ಮೂಲೆ ಸೇರುತ್ತದೆ.

ಎರಡನೆಯದು, ನೂಲು ಬಿಚ್ಚಿದ ಮೇಲೆ ಉಳಿಯುವ ಹುಳ. ಪಟ್ಟಣದಲ್ಲಿ ಅದರ ವಾಸನೆ ಎಲ್ಲರಿಗೂ ಗೊತ್ತು. ಒಣಗಿಸಿದ ಆ ಹುಳದಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗದಷ್ಟು ಎಣ್ಣೆ ಇದೆ. ಕೋಳಿ, ಮೀನಿನ ಆಹಾರಕ್ಕೆ ಆಗುತ್ತದೆ, ಎಣ್ಣೆಗೆ ಬೇರೆ ಬಳಕೆ ಇದೆ. ಈಗ ಅದು ಸಿಕ್ಕಿದ ಬೆಲೆಗೆ ಹೋಗುತ್ತದೆ. ಅದನ್ನು ಕೆಡದಂತೆ ಒಣಗಿಸುವುದು, ವಾಸನೆ ತೆಗೆಯುವುದು, ಎಣ್ಣೆ ಬೇರೆ ಮಾಡುವುದು, ಇದಕ್ಕೆ ಸಣ್ಣ ಪ್ರಾಯೋಗಿಕ ಘಟಕ ಸಾಕು. ಕೆಲವರು ಸೆರಿಸಿನ್ ಎಂಬ ರೇಷ್ಮೆ ಅಂಟಿನ ಬಗ್ಗೆ ಹೇಳಬಹುದು. ಸೌಂದರ್ಯವರ್ಧಕಕ್ಕೆ, ಗಾಯದ ಪಟ್ಟಿಗೆ ಬರುತ್ತದೆ, ದುಬಾರಿ ವಸ್ತು ಅಂತ. ನಿಜವೇ. ಆದರೆ ಅದು ಹೆಚ್ಚಾಗಿ ಬಿಡುವುದು ಬಣ್ಣ ಹಾಕುವ ಮೊದಲು ನೂಲನ್ನು ಬೇಯಿಸುವಾಗ. ಬಿಚ್ಚುವ ಬೇಸಿನ್ ನೀರಿನಲ್ಲಿ ಇರುವುದು ಸ್ವಲ್ಪ. ಹಾಗಾಗಿ ಶಿಡ್ಲಘಟ್ಟಕ್ಕೆ ಹುಳವೇ ಮೊದಲು. ಇಲ್ಲಿನ ಅಪಾಯ, ಒಬ್ಬನೇ ಕೊಳ್ಳುವವನನ್ನು ನಂಬಿಕೊಂಡು ಘಟಕ ಕಟ್ಟುವುದು. ಅವನು ಬೆಲೆ ಇಳಿಸಿದರೆ ಎಲ್ಲರೂ ಮುಳುಗುತ್ತಾರೆ.

ಮೂರನೆಯದು ಮೇಲೆ ಹೇಳಿದ ನೀರಿನ ಲ್ಯಾಬ್. ಇದನ್ನು ಬಿಡಲೇಬೇಡಿ.

ಈ ಎಲ್ಲದಕ್ಕೂ ಸೇರಿ ಎರಡು ಎಕರೆ ಜಾಗ ಸಾಕು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕೇಂದ್ರ ಇದೆ. ಇರುವ ಆವರಣದಲ್ಲೇ ಮಾಡಿ ಅನ್ನಿ. ಬದಲಿಗೆ ಜನರನ್ನು ಕೇಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಿಂದೆ ಒಂದು ತಾಲ್ಲೂಕಿನಲ್ಲಿ ಪರೀಕ್ಷಾ ಕೇಂದ್ರ ಶುರು ಮಾಡಲು ನಾನೇ ಓಡಾಡಿದ್ದೆ. ಯಂತ್ರ ಬಂತು, ಟೇಪು ಕತ್ತರಿಸಿದರು, ಫೋಟೋ ಬಂತು. ನಡೆಸಲು ಕೊಟ್ಟ ಹುಡುಗಿ ಹನ್ನೊಂದು ತಿಂಗಳ ಗುತ್ತಿಗೆಯವಳು. ಚೆನ್ನಾಗಿ ಕಲಿತಳು, ರೈತರು ಬರತೊಡಗಿದರು. ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಎರಡು ವರ್ಷ ಬಿಟ್ಟು ಹೋದಾಗ ಬಾಗಿಲಿಗೆ ಬೀಗ, ಯಂತ್ರದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಹೇಳುವವರೂ ಇರಲಿಲ್ಲ. ಆ ದಿನ ಮನೆಗೆ ಬಂದು ಊಟ ಮಾಡಲು ಆಗಲಿಲ್ಲ ನನಗೆ. ಆದ್ದರಿಂದ ಮನವಿಯಲ್ಲಿ ಈ ಸಾಲು ಇರಲಿ: ‘ಯಂತ್ರಕ್ಕೆ ಎಷ್ಟು ಹಣವೋ, ಅದನ್ನು ನಡೆಸುವವರ ಹತ್ತು ವರ್ಷದ ಸಂಬಳ ಮತ್ತು ದುರಸ್ತಿಗೂ ಅಷ್ಟೇ ಖಚಿತವಾಗಿ ಹಣ ಇಡಬೇಕು. ಆಡಳಿತ ಸಮಿತಿಯಲ್ಲಿ ಬೆಳೆಗಾರರು, ರೀಲರ್‌ಗಳು ಅರ್ಧದಷ್ಟು ಇರಬೇಕು. ಪ್ರತಿ ವರ್ಷದ ಲೆಕ್ಕ ಮತ್ತು ಫಲಿತಾಂಶ ಕನ್ನಡದಲ್ಲಿ ಪ್ರಕಟವಾಗಬೇಕು.’

ಹಣ ಎಲ್ಲಿಂದ ಅಂತ ಕೇಳುತ್ತಾರೆ. ಕೇಂದ್ರದಲ್ಲಿ 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಇದೆ, ರೇಷ್ಮೆ ಮಂಡಳಿ ಇದೆ, ರಾಜ್ಯದ ಇಲಾಖೆಗಳಿವೆ. ಇವೆಲ್ಲ ಕಾಲೇಜು, ಸಂಸ್ಥೆಗಳ ಹೆಸರಿನಲ್ಲಿ ಬರುವ ಯೋಜನೆಗೆ ಹಣ ಕೊಡುತ್ತವೆ. ಬರೀ ಬೇಡಿಕೆಗೆ ಕೊಡುವುದಿಲ್ಲ. ಅದಕ್ಕೆ ನಿಮ್ಮ ಕಂಪನಿ ಮೊದಲು ಒಂದು ಕಾಲೇಜಿನ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಲಿ. ಮನವಿ ತಂದವರ ಜೊತೆ ಜಗಳ ಬೇಡ. ಅವರಿಗೂ ಊರಿನ ಮೇಲೆ ಪ್ರೀತಿ ಇದೆ. ಕೂತು ತಿದ್ದಿ, ಆಮೇಲೆ ನೀವೇ ಮೊದಲ ಸಹಿ ಹಾಕಿ.

ಕೊನೆಗೆ ನಿಮ್ಮ ಮಗಳ ವಿಷಯ. ಅವಳಿಗೆ ಫಿಸಿಕ್ಸ್ ಇಷ್ಟ ಇದ್ದರೆ ಓದಲಿ. ಗೌರಿಬಿದನೂರಿನ ಹೊಸೂರಿನಿಂದ ಹೋದ ಎಚ್. ನರಸಿಂಹಯ್ಯನವರು ಫಿಸಿಕ್ಸ್ ಮೇಷ್ಟರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಸಿ.ಎನ್.ಆರ್. ರಾವ್ ಅವರ ಹೆಸರಿನ ಮೊದಲ ‘ಸಿ’ ಚಿಂತಾಮಣಿಯದು. ಪಿಯುಸಿಯಲ್ಲಿ ರಾಜ್ಯ ಮಂಡಳಿಯ ಮೊದಲ ಶೇ. 1ರೊಳಗೆ ಬಂದು ಮೂಲ ವಿಜ್ಞಾನದ ಪದವಿಗೆ ಸೇರುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ ನಾಲ್ಕು ವರ್ಷದ ಪದವಿ ಇದೆ, ಪ್ರವೇಶ ಕಷ್ಟ, ಆದರೂ ಅರ್ಜಿ ಹಾಕಲಿ. ಒಂದು ಮಾತು ಮಾತ್ರ ತಿಳಿದಿರಲಿ. ಫಿಸಿಕ್ಸ್‌ನಲ್ಲಿ ಪದವಿ ಆದ ಕೂಡಲೇ ಒಳ್ಳೆಯ ಸಂಬಳ ಬರುವುದು ಕಡಿಮೆ. ಎಂಎಸ್ಸಿ, ಪಿಎಚ್‌ಡಿ ಅಂತ ಎಂಟು-ಒಂಬತ್ತು ವರ್ಷ ಮನೆಯವರು ಬೆನ್ನಿಗೆ ನಿಲ್ಲಬೇಕು. ಅದಕ್ಕೆ ತಯಾರಿದ್ದೀರಾ ಅಂತ ನೀವು, ನಿಮ್ಮ ಯಜಮಾನರು ಮೊದಲು ಮಾತಾಡಿಕೊಳ್ಳಿ.

ಬರುವ ವಾರ ಬಿಡುವು ಮಾಡಿಕೊಂಡು ಚಿಂತಾಮಣಿಯ ಕಾಲೇಜಿಗೆ ಹೋಗಿ ಬನ್ನಿ. ಮೈದುನನನ್ನೂ ಮಗಳನ್ನೂ ಕರೆದುಕೊಂಡು ಹೋಗಿ. ಬೇಸಿನ್‌ನಿಂದ ತೆಗೆದು ಒಣಗಿಸಿದ ಹುಳ ಒಂದು ಡಬ್ಬಿ, ನಿಮ್ಮ ಬೋರಿನ ನೀರು ಒಂದು ಬಾಟಲಿ, ಕೆರೆಯ ನೀರು ಒಂದು ಬಾಟಲಿ ಜೊತೆಗಿರಲಿ. ಬಾಟಲಿಯ ಮೇಲೆ ತುಂಬಿದ ದಿನ, ಜಾಗ ಬರೆದಿಡುವುದು ಮರೆಯಬೇಡಿ.